ಮೊದಲು ಕೇಳಿದ್ದು ಅಕ್ಕನನ್ನು

ಜನವರಿ ಬಂತೆಂದರೆ ಲೇಹ್‌ನ ಮನೆಗಳ ನಲ್ಲಿಗಳೆಲ್ಲ ಹೆಪ್ಪುಗಟ್ಟುತ್ತವೆ. ಆ ಬೆಳಿಗ್ಗೆ ನೀರಿನ ಟ್ಯಾಂಕರಿನ ಸಾಲಿನಲ್ಲಿ ನನ್ನ ಮುಂದೆ ಡಿಸ್ಕಿತ್ ನಿಂತಿದ್ದಳು. ಪಕ್ಕದಲ್ಲಿ ಡೆಹ್ರಾಡೂನ್‌ನಿಂದ ಬಂದಿದ್ದ ಅವಳ ತಂಗಿ ಲಾಮೋ ಎರಡು ಕೋಟು ತೊಟ್ಟೂ ನಡುಗುತ್ತಿದ್ದಳು.

“ಇಲ್ಲೇ ಹುಟ್ಟಿದವಳು ಅಂದ್ರೆ ಯಾರಾದ್ರೂ ನಂಬ್ತಾರೇನೇ? ಒಳ್ಳೆ ಟೂರಿಸ್ಟ್ ಥರ ನಡುಗ್ತೀಯ,” ಎಂದಳು ಡಿಸ್ಕಿತ್.

“ಏನ್ಮಾಡ್ಲಿ ಅಕ್ಕ, ಮದ್ವೆಯಾಗಿ ಹೋಗಿ ಆರು ವರ್ಷ ಆಯ್ತಲ್ಲ. ಮೈಗೆ ಈ ಚಳಿ ಮರೆತೇ ಹೋಗಿದೆ.”

“ಕೈ ತೋರ್ಸು. ನೋಡು, ಒಂದು ಬಿರುಕೂ ಇಲ್ಲ.”

“ಅಲ್ಲಿ ಮೊದಲ ಬೇಸಿಗೇಲಿ ಸೆಕೆ ತಡೀಲಾರದೆ ಕೂತು ಅತ್ತಿದ್ದೀನಿ, ಗೊತ್ತಾ?”

“ಆ ಸೆಕೆಗೆ ಹೆದರಿ ತಾನೇ ನಾನು ಆ ಸಂಬಂಧ ಬೇಡ ಅಂದಿದ್ದು. ಅವರು ಮೊದಲು ಕೇಳಿದ್ದು ನನ್ನನ್ನ.”

“ನೀನು ಬೇಡ ಅಂದ್ಮೇಲೇ ನಾನು ಹೂಂ ಅಂದಿದ್ದು.”

“ನಾನೇನು ಅಲ್ಲ ಅಂದ್ನಾ? ಅಲ್ಲಿ ಈ ಚಳಿಗಾಲದಲ್ಲೂ ನಲ್ಲೀಲಿ ನೀರು ಬರುತ್ತಾ?”

“ಬರುತ್ತೆ.”

“ನಲ್ಲಿ ತಿರುಗಿಸುವಾಗ ನನ್ನ ನೆನಪಾಗುತ್ತಾ?”

“ಮೊದಲ ವರ್ಷ ಆಗ್ತಿತ್ತು. ಸುಳ್ಳು ಹೇಳಲ್ಲ ಅಕ್ಕ, ಈಗ ಆಗಲ್ಲ. ಈ ಸಲ ನನ್ನ ಜೊತೆ ಬಂದ್ಬಿಡು, ಚಳಿ ಮುಗಿಯೋವರೆಗೂ ಇರು.”

“ಆರು ವರ್ಷ ಆದ್ಮೇಲೆ ಇವತ್ತು ಕರೀಬೇಕು ಅನ್ನಿಸ್ತಾ ನಿಂಗೆ?”

ಅವರ ಸರದಿ ಬಂತು. ಡಿಸ್ಕಿತ್ ತಾನೇ ಎರಡೂ ಕ್ಯಾನ್ ತುಂಬಿಸಿದಳು. ಒಂದಕ್ಕೆ ತಂಗಿ ಕೈಚಾಚಿದರೂ ಕೊಡಲಿಲ್ಲ. ಎರಡನ್ನೂ ಎತ್ತಿಕೊಂಡು ಏರುದಾರಿ ಹಿಡಿದಳು.

“ನಿಧಾನ ಅಕ್ಕ, ಉಸಿರು ಕಟ್ತಿದೆ ನಂಗೆ!” ಎಂದು ಲಾಮೋ ಹಿಂದಿನಿಂದ ಕೂಗಿದಳು.

ಡಿಸ್ಕಿತ್ ಹೆಜ್ಜೆಯನ್ನು ಇನ್ನಷ್ಟು ಬಿರುಸು ಮಾಡಿದಳು.