ಮೀನಿನ ಜಾಡಿ

ನಮ್ಮ ಥಾಯ್ಲೆಂಡಿನವರಿಗೆ ಇಂಗ್ಲಿಷ್ ಬಾರದೆಂದುಕೊಂಡು ಬಿಳಿಯರು ಎಲ್ಲವನ್ನೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ಉಡೋನ್‌ನ ವೀಸಾ ಕಚೇರಿಯಲ್ಲಿ ನನ್ನ ಪಕ್ಕ ಯೋಪ್, ಹೆನ್ನಿಂಗ್ ಎಂಬ ಇಬ್ಬರು ಮುದುಕರು ಕೂತಿದ್ದರು.

“ನಮ್ಮೋರೆಲ್ಲ ವಾಪಸ್ ಹೋದ್ರು. ನೀನೂ ಡೆನ್ಮಾರ್ಕಿಗೆ ಹೋಗೋ ಹೆನ್ನಿಂಗ್. ಥಾಯ್ ಊಟ ನಿಂಗೆ ಯಾವತ್ತು ಸೇರಿದೆ?”

“ಇವತ್ತಿಗೂ ಸೇರಲ್ಲ. ಎರಡು ಹೊತ್ತೂ ಬ್ರೆಡ್ಡೇ.”

“ಜಾಡೀಲಿ ಕೊಳೆಸಿಟ್ಟ ಮೀನು ನಾರುತ್ತೆ ಅಂತ ಹೆಂಡ್ತೀನ ಹಿತ್ತಲಲ್ಲಿ ಕೂತು ಉಣ್ಣೋ ಹಾಗೆ ಮಾಡಿದ್ದೆ, ಪುಣ್ಯಾತ್ಮ!”

“ಹೂಂ.”

“ಅವಳು ತೀರ್ಕೊಂಡ ಮೇಲೆ ಆ ಜಾಡಿ ಎಸೆದ್ಯಾ?”

“ಅಡುಗೆಮನೇಲಿಟ್ಟಿದೀನಿ.”

“ತಿಂತೀಯಾ?”

“ಥೂ! ಸಂಜೆ ಮುಚ್ಚಳ ತೆಗೆದು ಪಕ್ಕದಲ್ಲಿ ಕೂತ್ಕೋತೀನಿ, ಅಷ್ಟೆ.”

ಯೋಪ್ ಅವನತ್ತ ತಿರುಗಿದ. “ಮತ್ತೆ, ಊರಿಗೆ?”

ಒಳಗಿನಿಂದ ಕರೆ ಬಂತು. ಹೆನ್ನಿಂಗ್ ಮಂಡಿ ಹಿಡಿದುಕೊಂಡು ಎದ್ದ.

“ವಿಚಾರಿಸ್ದೆ ಕಣೋ. ವಿಮಾನದಲ್ಲಿ ಅದನ್ನ ಬಿಡಲ್ವಂತೆ.”