ಅಮ್ಮನ ಮೇಜಿನ ಕಾಗದ

ಹಲೋ... ಯಾರು, ನನ್ನ ತಮ್ಮನೇನಾ ಮಾತಾಡ್ತಿರೋದು?... ಹಾಂ, ನಾನೇ ಕಣೋ, ನಿನ್ನ ಅಕ್ಕ. ನನ್ನ ನಂಬರ್ ಕಂಡ್ರೆ ನೀನು ಎತ್ತಲ್ಲ, ಅದಕ್ಕೆ ನಮ್ಮ ಸೂಪರ್‌ವೈಸರ್ ಫೋನ್ ಇಸ್ಕೊಂಡೆ. ಹೊಸ ಗಿರಾಕಿ ಅಂದ್ಕೊಂಡು ಆ ಒಂದು ಹಲೋನಲ್ಲಿ ಎಷ್ಟು ಜೇನು ಸುರಿಸಿಬಿಟ್ಟೆಯಪ್ಪ...

ಇಲ್ಲ, ಅಮ್ಮ ಚೆನ್ನಾಗಿದ್ದಾಳೆ, ಯಾರಿಗೂ ಏನೂ ಆಗಿಲ್ಲ... ಫ್ಯಾಕ್ಟರಿಯಿಂದಲೇ. ಪ್ರೆಸ್ ನಿಲ್ಲಿಸಿ ಪ್ಲೇಟು ಒರೆಸ್ತಿದ್ದಾರೆ, ಅಷ್ಟರಲ್ಲಿ ನಿನ್ನ ಹತ್ರ ಎರಡು ಮಾತಾಡೋಣ ಅನ್ನಿಸ್ತು. ಬಿಜಿ ಇದ್ದೀಯಾ?... ಇರು ಪರವಾಗಿಲ್ಲ, ಬಿಜಿಯಾಗೇ ಕೇಳು...

ಇವತ್ತು ಹೊಸ ಡಿಸೈನ್ ಕಾಗದ ಬಂತು... ಹಾಂ, ಅದೇ, ಬೋರ್ಡಿಗೆ ಅಂಟಿಸೋದು. ನಮ್ಮಕ್ಕ ಪೋಸ್ಟರ್ ಅಂಟಿಸೋ ಕೆಲಸದಲ್ಲಿದ್ದಾಳೆ ಅಂತ ನೆಂಟರ ಮುಂದೆಲ್ಲ ಹೇಳ್ತೀಯಲ್ಲ ನೀನು. ಪೋಸ್ಟರ್ ಅಂತಾನೇ ಇಟ್ಕೋ. ಕೆಳಗೆ ಮರದ ಪುಡಿ ಒತ್ತಿ ಮಾಡಿದ ಹಲಗೆ. ಮೇಲೆ ಮರದ ಚಿತ್ರ ಇರೋ ಕಾಗದ, ರೆಸಿನ್ ಅಂಟು ಕುಡಿದು ಗರಗರ ಅಂತಿರುತ್ತೆ. ಎರಡನ್ನೂ ಬಿಸಿ ಪ್ರೆಸ್ಸಿಗೆ ತಳ್ಳಿದ್ರೆ ಆಚೆ ಬರೋವಾಗ ತೇಗ. ಒಳಗೆ ಹೊಟ್ಟು, ಮೇಲೆ ಠೀವಿ. ನಿನಗೆ ಇದನ್ನ ಬಿಡಿಸಿ ಹೇಳಬೇಕಾ...

ನಗ್ತಿದ್ದೀಯಾ? ನಗು. ಆ ಡಿಸೈನಿಗೆ 'ಅಜ್ಜನ ಕಾಲದ ತೇಗ' ಅಂತ ಹೆಸರಿಟ್ಟಿದ್ದಾರೆ. ಒಂದು ಹಾಳೆ ಎತ್ತಿ ಬೋರ್ಡಿನ ಮೇಲೆ ಹಾಸಿದೆ ನೋಡು, ಅದರಲ್ಲಿ ಸುಟ್ಟ ಗುರುತು. ಇಸ್ತ್ರಿಪೆಟ್ಟಿ ಮೂತಿ. ಮೊದಲ ಇಂಟರ್ವ್ಯೂಗೆ ಹೋಗೋ ದಿನ ಅಮ್ಮನ ಹೊಲಿಗೆ ಮೇಜಲ್ಲಿ ಅಂಗಿ ಮೇಲೆ ಇಸ್ತ್ರಿ ಇಟ್ಟು ಕನ್ನಡಿ ಮುಂದೆ ಕ್ರಾಪು ತೀಡ್ತಾ ನಿಂತಿದ್ದೋನು ಯಾರು, ನೆನಪಿದೆಯಾ?...

ಇಸ್ತ್ರಿ ಗುರುತು ಎಲ್ಲರ ಮನೆ ಮೇಜಲ್ಲೂ ಇರುತ್ತಾ? ಸರಿ, ಇರಲಿ. ಅದರ ಪಕ್ಕದಲ್ಲಿ ಬಾಗಿದ ಚುಕ್ಕಿ ಸಾಲು ಇದೆಯಲ್ಲ, ಅದು? ಅಮ್ಮ ರವಿಕೆ ತೋಳಿಗೆ ಗುರುತು ಹಾಕೋ ಹಲ್ಲುಚಕ್ರ ಉರುಳಿಸಿ ಉರುಳಿಸಿ ಮೇಜಿಗೆ ಬಿದ್ದಿದ್ದ ಗೆರೆ ಕಣೋ ಅದು. ಆ ಮೇಜಿನ ಮೇಲೆ ಬಟ್ಟೆ ಕತ್ತರಿಸಿ, ಹೊಲಿದು, ನಮ್ಮಿಬ್ಬರನ್ನೂ ಓದಿಸಿದಳು. ನಮ್ಮ ಕಂಪನಿಯವರು ಅದನ್ನ ಹುಳ ಕೊರೆದ ತೂತು ಅಂದ್ಕೊಂಡಿದ್ದಾರೆ, ಆಹಾ ಎಷ್ಟು ಸಹಜವಾಗಿದೆ ಅಂತ ಮೆಚ್ಕೊತಿದ್ದಾರೆ...

ಏನು, ಆಮೇಲೆ ಫೋನ್ ಮಾಡ್ತೀಯಾ?...

ಇಲ್ಲ, ಒಂದು ನಿಮಿಷ, ನಾನು ಕೇಳ್ತೀನಿ ನೀನು ಹೇಳು. ಅಮ್ಮ ನಮ್ಮನೆಗೆ ಇರೋಕೆ ಬರೋವಾಗ, ಅಲ್ಲಿ ಜಾಗ ಇಲ್ಲ ಅಕ್ಕ, ಮೇಜು ನನ್ನ ಗೋಡೌನಲ್ಲಿರಲಿ ಅಂದೆ. ಆಮೇಲೆ ಒಂದು ದಿನ ಮುಖ ಸಣ್ಣಗೆ ಮಾಡ್ಕೊಂಡು ಬಂದು, ಗೆದ್ದಲು ತಿಂದು ಪುಡಿ ಮಾಡ್ಬಿಡ್ತು, ಕಸದ ಗಾಡಿಗೆ ಹಾಕಿದೆ ಅಂದೆ. ಅಂದ್ಯೋ ಇಲ್ವೋ?... ಆ ಗೆದ್ದಲಿಗೆ ಎಷ್ಟು ಕಾಲಿತ್ತೋ? ಎರಡೇ ಅಲ್ವಾ? ಇಂಟೀರಿಯರ್ ಡೆಕೋರೇಟರ್ ಅಂತ ಕಾರ್ಡೂ ಮಾಡಿಸ್ಕೊಂಡಿತ್ತಾ?...

ಹಾಂ, ಈಗ ದಾರಿಗೆ ಬಂದೆ. ಯಾರೋ ಏಜೆಂಟು ಬಂದ. ಕಾಗದದ ಮೇಲೆ ಪ್ರಿಂಟು ಮಾಡೋಕೆ ಹಳೇ ಮರ ಹುಡುಕ್ತಿದ್ದ. ಫೋಟೋ ತಗೊಂಡು ವಾಪಸ್ ಕೊಡ್ತೀವಿ ಅಂದ. ಪಾಪ, ನೀನು ನಂಬಿದೆ. ಎಷ್ಟಕ್ಕೆ ಅಂತ ನಾನು ಕೇಳಲ್ಲ, ನಿನ್ನ ಬಾಯಲ್ಲಿ ಕೇಳಿ ಹೊಟ್ಟೆ ಉರಿಸ್ಕೊಳ್ಳೋದು ಬೇಡ. ಮೇಜು ಈಗ ಎಲ್ಲಿದೆ?...

ಅದಲ್ಲ ನಾನು ಕೇಳಿದ್ದು. ಮೇಜು ಎಲ್ಲಿದೆ?...

ಕೊಯ್ದ್ರಾ?... ಸ್ಕ್ಯಾನರ್ ಅಡಿ ಹಿಡಿಸಲಿಲ್ಲ ಅಂತ?... ನೀನು ಅಲ್ಲೇ ಇದ್ದೆಯಾ ಕೊಯ್ಯೋವಾಗ?...

ಇಲ್ಲಪ್ಪ, ಅಳ್ತಿಲ್ಲ. ಅಂಟಿನ ಘಾಟು ಕಣ್ಣಿಗೆ ಹೊಡೀತಿದೆ... ಹೌದು, ಅಳ್ತಿದ್ದೀನಿ, ಏನೀಗ?...

ಮರದ ಸಾಮಾನು ತಾನೇ ಅಂತೀಯಾ. ನಿನಗೆ ಗೊತ್ತಾ, ನೀನು ಗೆದ್ದಲು ಅಂದಾಗಿಂದ ಅಮ್ಮ ಏನು ಮಾಡ್ತಿದ್ದಾಳೆ ಅಂತ? ದಿನಾ ಬೆಳಿಗ್ಗೆ ಎದ್ದು ಮಂಚದ ಕಾಲು, ಬಾಗಿಲ ಚೌಕಟ್ಟು, ಕುರ್ಚಿ, ಎಲ್ಲಾ ತಟ್ಟಿ ತಟ್ಟಿ ನೋಡ್ತಾಳೆ, ಒಳಗೆ ಟೊಳ್ಳಾಗಿದೆಯಾ ಅಂತ. ನನ್ನ ಹತ್ರ ಹೇಳ್ತಾಳೆ, ನಾನೇ ಮೊದಲಿನ ಹಾಗೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡಬೇಕಿತ್ತು, ನನ್ನ ಸೋಮಾರಿತನಕ್ಕೆ ಮೇಜು ಹೋಯ್ತು, ಮಗ ಪಾಪ ಎಷ್ಟು ನೊಂದ್ಕೊಂಡ ಅಂತ. ನೀನು ನೊಂದ್ಕೊಂಡ್ಯಂತೆ. ಕೇಳಿ ನಂಗೂ ಅಯ್ಯೋ ಅನ್ನಿಸಿತ್ತು...

ಏನು?... ಇನ್ನೊಂದ್ಸಲ ಹೇಳು. ಪ್ರೆಸ್ ಸದ್ದಿಲ್ಲ, ಆದ್ರೂ ನನ್ನ ಕಿವಿ ನಂಬ್ತಿಲ್ಲ...

ಆಹಾ. ನಮ್ಮ ಫ್ಯಾಕ್ಟರಿ ಬೋರ್ಡಲ್ಲೇ ಅಮ್ಮನಿಗೆ ಹೊಸ ಮೇಜು ಮಾಡಿಸಿಕೊಡ್ತೀಯಾ. ಅದೇ ಕಾಗದ ಅಂಟಿಸಿ. ಅದೇ ಇಸ್ತ್ರಿ ಗುರುತು, ಅದೇ ಚುಕ್ಕಿ. ಸಿಕ್ತಮ್ಮ ನಿನ್ನ ಮೇಜು ಅಂದ್ಬಿಡೋದು, ಅಲ್ವಾ? ಮಹಾರಾಯ, ನಿನ್ನ ತಲೆಗೆ ಸನ್ಮಾನ ಮಾಡಬೇಕು ಕಣೋ. ಪ್ರಿಂಟು ತಾನೇ, ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತೆ, ಒಂದು ಹಾಳೇಲಿ ನಿನ್ನ ಇಸ್ತ್ರಿ ಗುರುತು ಎರಡು ಸಲ ಇರುತ್ತೆ, ಇನ್ನೊಂದು ಯಾರು ಸುಟ್ಟಿದ್ದು ಅಂತ ಹೇಳೋಣ?...

ಅವಳಿಗೆ ಸರಿಯಾಗಿ ಕಣ್ಣು ಕಾಣಲ್ಲ, ಗೊತ್ತಾಗಲ್ಲ ಅಂತೀಯಾ... ಲೋ, ಕಣ್ಣು ಮಂಜಾದ ಮೇಲೆ ಅವಳು ಬೆರಳಲ್ಲೇ ಕಣೋ ನೋಡೋದು. ಆ ಚುಕ್ಕಿ ಸಾಲನ್ನ ಬೆರಳಲ್ಲಿ ಸವರಿ ಹಿಡ್ಕೊಂಡೇ ರವಿಕೆ ತೋಳು ಕತ್ತರಿಸ್ತಿದ್ದಳು. ಈ ಕಾಗದ ಕನ್ನಡಿ ಹಾಗೆ ನುಣ್ಣಗಿದೆ. ಎಲ್ಲರ ಕಿವಿಗೂ ಹೂ ಮುಡಿಸ್ತೀಯಾ ನೀನು, ಅವಳ ಬೆರಳಿಗೆ ಏನು ಮುಡಿಸ್ತೀಯಾ?...

ಹೊಸ ಮೇಜು ಬೇಡ. ಹಳೇದು ಬರಲ್ಲ, ಬಿಡು. ಸಂಜೆ ನಮ್ಮನೆಗೆ ಬಾ. ಅಮ್ಮನ ಮುಂದೆ ಕೂತು, ಗೆದ್ದಲು ತಿನ್ನಲಿಲ್ಲ ಅಮ್ಮ, ನಾನು ಮಾರಿದೆ ಅಂತ ಹೇಳು. ಅಷ್ಟೇ ಸಾಕು...

ಬೈಯಲ್ಲ ಅವಳು. ನಿನ್ನನ್ನ ಯಾವತ್ತು ಬೈದಿದ್ದಾಳೆ? ಅವಳ ತಪ್ಪಲ್ಲ ಅಂತ ಅವಳಿಗೆ ಗೊತ್ತಾಗಬೇಕು ಕಣೋ, ಬೆಳಿಗ್ಗೆ ಎದ್ದು ಮಂಚದ ಕಾಲು ತಟ್ಟೋದು ನಿಲ್ಲಬೇಕು...

ನಾನು ಹೇಳಿದ್ರೆ ನಂಬಲ್ಲ. ಮಗನ ಮೇಲೆ ಚಾಡಿ ಹೇಳ್ತಾಳೆ ಅಂತಾಳೆ, ನಿನಗೂ ಗೊತ್ತು...

ಬಾಯಿ ಬರಲ್ವಾ? ದಿನಾ ಹೊಟ್ಟನ್ನ ತೇಗ ಅಂತ ಹೇಳೋ ಬಾಯಿ, ಇದಕ್ಕೆ ಬರಲ್ವಾ? ಸರಿ, ಮೊದಲು ನನ್ನ ಹತ್ರ ಹೇಳಿ ನೋಡು. ಅಮ್ಮ ಅಂದ್ಕೊಂಡು ಹೇಳು...

ಹೇಳು, ಕಾಯ್ತೀನಿ...

ಹಾಂ. ಗೆದ್ದಲು ತಿನ್ನಲಿಲ್ಲ ಅಮ್ಮ... ಸರಿ, ಮುಂದೆ?...

ಸಿಗ್ನಲ್ ಚೆನ್ನಾಗೇ ಇದೆ, ನಿನ್ನ ಉಸಿರೂ ಕೇಳಿಸ್ತಿದೆ. ಅರ್ಧ ಹೇಳಿದ್ದೀಯಾ, ಇನ್ನರ್ಧ ಹೇಳು. ನಾನು ಅನ್ನು... ನಾನು...

ಹಲೋ?...

ಹಲೋ...