ಬೇಡ ಅಂದ ಮೇಲೆ

ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಾಗರದ ಬಸ್ಸಿಗೆ ಕಾಯುತ್ತಿದ್ದ ರಂಜನಾಳ ಕಿವಿ, ಪಕ್ಕದ ಬೆಂಚಿನಿಂದ ‘ಜರ್ಮನ್’ ಎಂಬ ಮಾತು ಕೇಳಿದ್ದೇ ನಿಮಿರಿತು. ನರ್ಸ್ ಹುಡುಗಿಯೊಬ್ಬಳನ್ನು ಅವಳ ಅತ್ತೆ ವಿಚಾರಿಸುತ್ತಿದ್ದರು.

“ಜರ್ಮನ್ ಕ್ಲಾಸಿನ ಪರೀಕ್ಷೆ ಎಂತಾಯ್ತೇ ಶ್ಯಾಮಲಾ?”

“ಬರೆಯೋದು ಪಾಸು ಅತ್ತೆ. ಮಾತಾಡೋದು ಫೇಲು.”

“ನೀನು ಮಾತಲ್ಲಿ ಫೇಲಾ ಮಾರಾಯ್ತಿ?”

“ಪರೀಕ್ಷೇಲಿ ಮೇಡಮ್ಮೇ ಪೇಷಂಟ್ ಥರ ನಟಿಸಿದ್ರು. ಊಟ ಬೇಡ ಅಂದ್ರು. ನಾನು ‘ಒಂದೇ ಒಂದು ತುತ್ತು’ ಅಂತ ಜರ್ಮನ್ನಲ್ಲೇ ಒತ್ತಾಯ ಮಾಡ್ದೆ.”

“ಮತ್ತೆ? ಒತ್ತಾಯ ಮಾಡದೇ ಯಾರಾದ್ರೂ ಉಣ್ತಾರಾ?”

“ಜರ್ಮನಿಲಿ ಬೇಡ ಅಂದ್ರೆ ಬೇಡವೇ ಅಂತೆ. ಮತ್ತೆ ಕೇಳಿದ್ರೆ ತಪ್ಪು.”

“ಹಂಗಾದ್ರೆ ಅಲ್ಲಿಗೆ ಕೆಲಸಕ್ಕೆ ಹೋಗೋದು?”

“ಹೋಗೇ ಹೋಗ್ತೀನಿ. ಭಾಷೆ ಬಂದಿದೆ, ಸುಮ್ಮನಿರೋದು ಕಲಿತ್ರೆ ಆಯ್ತು. ಇಲ್ಲಿನ ಸಂಬಳ ನೆಚ್ಕೊಂಡು ಎಷ್ಟು ದಿನ ಕೂರೋದು?”

ಅತ್ತೆ ಚೀಲದಿಂದ ಡಬ್ಬಿ ತೆಗೆದರು.

“ಕಡುಬು ತಗೋ.”

“ಬೇಡ ಅತ್ತೆ.”

ಅತ್ತೆ ತಣ್ಣಗೆ ಮುಚ್ಚಳ ಹಾಕಿದರು.

“ಒಂದ್ಸಲ ಬೇಡ ಅಂದಿದ್ದಕ್ಕೇ ಮುಚ್ಚಿಬಿಟ್ರಾ?”

“ನಿಂಗೆ ಅಭ್ಯಾಸ ಆಗ್ಲಿ ಅಂತ.”

“ನಾನಿನ್ನೂ ಇಲ್ಲೇ ಇದ್ದೀನಲ್ಲ ಅತ್ತೆ. ಇನ್ನೊಂದ್ಸಲ ಕೇಳಿ.”

ಅಷ್ಟರಲ್ಲಿ ಅವರಿಬ್ಬರು ಕಾಯುತ್ತಿದ್ದ ಹೊಸನಗರದ ಬಸ್ಸು ಹಾರ್ನ್ ಹೊಡೆಯುತ್ತ ಬಂದು ನಿಂತಿತು. ಅತ್ತೆ ಕೇಳಿದರೋ ಇಲ್ಲವೋ, ರಂಜನಾಳಿಗೆ ಕೇಳಿಸಲಿಲ್ಲ. ಬಸ್ಸು ಹತ್ತುವಾಗ ಶ್ಯಾಮಲಾಳ ಬಾಯಿ ತುಂಬ ಕಡುಬಿತ್ತು.